ಬೊಗಳದ ನಾಯಿ, ನಡುರಾತ್ರಿಯ ಸಿಳ್ಳೆ: ಇಂಗ್ಲಿಷ್ ಪತ್ತೇದಾರರು ರೇಡಿಯೊಗೆ ಬಂದ ಕಥೆ

ಷರ್ಲಾಕ್ ಹೋಮ್ಸ್‌ನ ಎರಡು ಕಥೆಗಳು 1892ರಲ್ಲಿ, ಹತ್ತು ತಿಂಗಳ ಅಂತರದಲ್ಲಿ ಅಚ್ಚಾದವು. ಒಂದು ‘ದಿ ಸ್ಪೆಕಲ್ಡ್ ಬ್ಯಾಂಡ್’. ಅದರಲ್ಲಿ ಒಬ್ಬ ಹುಡುಗಿಗೆ ನಡುರಾತ್ರಿ ಮೆಲ್ಲನೆ ಸಿಳ್ಳೆ ಕೇಳಿಸುತ್ತದೆ. ಅವಳ ಅವಳಿ ಸೋದರಿ ಸತ್ತ ರಾತ್ರಿ ಕೇಳಿದ್ದೂ ಇದೇ ಸಿಳ್ಳೆ, ಹಿಂದೆಯೇ ಕಬ್ಬಿಣ ಬಿದ್ದಂಥ ಸದ್ದು. ಇನ್ನೊಂದು ‘ಸಿಲ್ವರ್ ಬ್ಲೇಜ್’. ಲಾಯದಿಂದ ರಾತ್ರೋರಾತ್ರಿ ರೇಸ್ ಕುದುರೆ ಮಾಯವಾಗುತ್ತದೆ. ಅಲ್ಲೇ ಇದ್ದ ನಾಯಿ ಮಾತ್ರ ಬೊಗಳುವುದಿಲ್ಲ. ಬೊಗಳಲಿಲ್ಲ ಅನ್ನುವುದೇ ಅಲ್ಲಿ ಸುಳಿವು.

ಅಮೆರಿಕದ ರೇಡಿಯೊ ಹೋಮ್ಸ್‌ನನ್ನು ಕರೆತರಲು ಆರಿಸಿಕೊಂಡದ್ದು ಸಿಳ್ಳೆಯ ಕಥೆ. ಬ್ರಿಟನ್ನಿನ ಬಿಬಿಸಿ ಮಾಡಿದ ಹೋಮ್ಸ್ ನಾಟಕಗಳ ಉದ್ದ ಸಾಲಿನ ಮೊದಲ ತುದಿಯಲ್ಲಿ, 1938ರಲ್ಲಿ, ಇರುವುದು ನಾಯಿಯ ಕಥೆ. ಬೇಕೆಂದೇ ಹಾಗೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಒಂದರಲ್ಲಿ ಸದ್ದೇ ಸುಳಿವು, ಇನ್ನೊಂದರಲ್ಲಿ ಸದ್ದಿಲ್ಲದ್ದೇ ಸುಳಿವು. ಪತ್ತೇದಾರಿ ಕಥೆಯನ್ನು ರೇಡಿಯೊಗೆ ಒಗ್ಗಿಸುವವರ ಕಷ್ಟಸುಖವೆಲ್ಲ ಈ ಎರಡರ ನಡುವೆಯೇ ಇದೆ.

ಕಣ್ಣಿಗೆ ಏನೂ ಕಾಣದ ನಾಟಕ ಹೇಗಿರಬೇಕು ಅನ್ನೋದು ಶುರುವಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಿಬಿಸಿ ಹುಟ್ಟಿದ್ದು 1922ರಲ್ಲಿ. ಮೊದಮೊದಲು ರಂಗದ ನಾಟಕವನ್ನೇ ಮೈಕ್ ಮುಂದೆ ಓದುತ್ತಿದ್ದರು. 1924ರ ಜನವರಿ 15ರಂದು ರಿಚರ್ಡ್ ಹ್ಯೂಸ್ ಎಂಬ ಹುಡುಗ ರೇಡಿಯೊಗೆಂದೇ ಬರೆದ ನಾಟಕ ಪ್ರಸಾರವಾಯಿತು. ವೇಲ್ಸ್‌ನ ಕಲ್ಲಿದ್ದಲು ಗಣಿಯೊಳಗೆ ದೀಪ ಆರಿಹೋಗುತ್ತದೆ, ಕೆಲವರು ಕತ್ತಲಲ್ಲಿ ಸಿಕ್ಕಿಕೊಳ್ಳುತ್ತಾರೆ, ಅಷ್ಟೇ ಕಥೆ. ಕೇಳುವವರೂ ಮನೆಯ ದೀಪ ಆರಿಸಿ ಕೂರಿ ಎಂದು ಹೇಳಿದ್ದರು. ಪಾತ್ರಗಳಿಗೂ ಕಾಣದು, ನಮಗೂ ಕಾಣದು. ಕರೆಂಟು ಹೋದ ರಾತ್ರಿ ಬ್ಯಾಟರಿ ರೇಡಿಯೊದಲ್ಲಿ ನಾಟಕ ಕೇಳಿದವರಿಗೆ ಈ ಉಪಾಯದ ಬೆಲೆ ಗೊತ್ತಿರುತ್ತದೆ.

ಪತ್ತೇದಾರಿ ಬರಹಗಾರರು ಬಲು ಬೇಗ ಇದರ ರುಚಿ ಹಿಡಿದರು. ಅವರಲ್ಲಿ ರೊನಾಲ್ಡ್ ನಾಕ್ಸ್ ಒಬ್ಬ ವಿಚಿತ್ರ ಆಸಾಮಿ. ಕ್ಯಾಥೊಲಿಕ್ ಪಾದ್ರಿ, ಪತ್ತೇದಾರಿ ಕಾದಂಬರಿಕಾರ, ಜೊತೆಗೆ ತರಲೆ. 1926ರ ಜನವರಿಯಲ್ಲಿ ಆತ ಎಡಿನ್‌ಬರೊ ಸ್ಟುಡಿಯೊದಲ್ಲಿ ಕೂತು ಸುದ್ದಿ ಓದುವ ಧಾಟಿಯಲ್ಲಿ ಲಂಡನ್ನಿನಲ್ಲಿ ದಂಗೆ ಎದ್ದಿದೆ, ಬಿಗ್ ಬೆನ್ ಗೋಪುರ ಉರುಳಿತು ಎಂದೆಲ್ಲ ಹೇಳಿದ. ತಮಾಷೆ ಎಂದು ಮೊದಲೇ ತಿಳಿಸಿದ್ದರೂ ಎಷ್ಟೋ ಜನ ನಂಬಿಬಿಟ್ಟರು. ಇದೇ ನಾಕ್ಸ್ ಮೂರು ವರ್ಷದ ನಂತರ ಪತ್ತೇದಾರಿ ಕಥೆ ಬರೆಯುವವರು ಓದುಗರಿಗೆ ಮೋಸ ಮಾಡಬಾರದು ಅಂತ ಹತ್ತು ಕಟ್ಟಳೆ ಬರೆದ! ರೇಡಿಯೊದಲ್ಲಿ ದನಿಯನ್ನು ಜನ ಎಷ್ಟು ಸಲೀಸಾಗಿ ನಂಬುತ್ತಾರೆ ಅನ್ನೋದು ಅವನಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ.

1930ರಲ್ಲಿ ಬಿಬಿಸಿ ‘ಬಿಹೈಂಡ್ ದಿ ಸ್ಕ್ರೀನ್’ ಎಂಬ ಧಾರಾವಾಹಿ ಮಾಡಿತು. ನಾಕ್ಸ್, ಅಗಾಥಾ ಕ್ರಿಸ್ಟಿ, ಡೊರೊತಿ ಸೇಯರ್ಸ್ ಸೇರಿ ಆರು ಜನ ಬರಹಗಾರರು ಒಬ್ಬೊಬ್ಬರು ಒಂದೊಂದು ಕಂತು ಬರೆದು ತಾವೇ ಓದಿದರು. ಕೊಲೆಗಾರ ಯಾರು ಅಂತ ಕೇಳುಗರು ಊಹಿಸಿ ಬರೆಯಬಹುದಿತ್ತು. ಇದು ನಾಟಕವಲ್ಲ, ಓದು. ಆದರೂ ವಾರಕ್ಕೊಮ್ಮೆ ಸುಳಿವು ಹಂಚುವ ಅಭ್ಯಾಸ ಇಲ್ಲಿಂದಲೇ ಬೆಳೆಯಿತು.

ಈಗ ಅಮೆರಿಕಕ್ಕೆ ಹೋಗೋಣ. ಹೋಮ್ಸ್ ಕಥೆಗಳನ್ನು ಬರೆದ ಕಾನನ್ ಡಾಯ್ಲ್ ತೀರಿಕೊಂಡದ್ದು 1930ರ ಜುಲೈ 7ರಂದು. ಮೂರೂವರೆ ತಿಂಗಳೂ ಆಗಿರಲಿಲ್ಲ, ಅಕ್ಟೋಬರ್ 20ರಂದು ಅಲ್ಲಿನ ರೇಡಿಯೊ ಸಂಸ್ಥೆ ಎನ್‌ಬಿಸಿಯಲ್ಲಿ ‘ಸ್ಪೆಕಲ್ಡ್ ಬ್ಯಾಂಡ್’ ಪ್ರಸಾರವಾಯಿತು. ಹೋಮ್ಸ್ ಪಾತ್ರಕ್ಕೆ ವಿಲಿಯಂ ಜಿಲೆಟ್. 1899ರಿಂದ ರಂಗದ ಮೇಲೆ ಹೋಮ್ಸ್ ಆಗಿದ್ದ ಈ ನಟನಿಗೆ ಆಗ 77 ವರ್ಷ. ರೇಡಿಯೊ ತಾನೆ, ಬಿಳಿ ಕೂದಲು ಯಾರಿಗೆ ಕಾಣುತ್ತದೆ? ಮುಂದಿನ ಕಂತುಗಳಿಗೆ ಬೇರೆ ನಟ ಬಂದರು.

ಆ ಕಥೆಯ ಬಗ್ಗೆ ಒಂದು ಮಾತು. ಹೇಳಿದರೆ ಗುಟ್ಟು ಬಯಲಾಗುತ್ತದೆ, ಆದರೆ 130 ವರ್ಷ ದಾಟಿದ ಗುಟ್ಟು. ಖಳನಾಯಕ ಕಲ್ಕತ್ತದಲ್ಲಿ ಡಾಕ್ಟರಿಕೆ ಮಾಡಿ ಬಂದವನು. ಅವನು ಸಾಕಿದ ಭಾರತದ ಹಾವು ಹಾಲು ಕುಡಿಯುತ್ತದೆ, ಸಿಳ್ಳೆ ಹೊಡೆದರೆ ವಾಪಸ್ ಬರುತ್ತದೆ. ಹಾವಿಗೆ ಹೊರಗಿವಿಯೇ ಇಲ್ಲವಲ್ಲ ಅಂತ ಕೇಳಬಹುದು. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಾವು ಹಾಲಿನ ವಿಷಯಕ್ಕೆ ಮಾತ್ರ ನಗುವ ಹಾಗಿಲ್ಲ.

ಈ ಸರಣಿ ಬರೆದವರು ಎಡಿತ್ ಮೈಸರ್ ಎಂಬ ಹೆಣ್ಣುಮಗಳು. ಹೋಮ್ಸ್ ರೇಡಿಯೊಗೆ ಬರಬೇಕು ಅಂತ ಪಟ್ಟು ಹಿಡಿದವರೂ ಅವರೇ. ಅಮೆರಿಕದಲ್ಲಿ ಕಾರ್ಯಕ್ರಮಕ್ಕೆ ದುಡ್ಡು ಹಾಕುವವರು ಜಾಹೀರಾತಿನವರು. ಸಿಕ್ಕಿದ್ದು ಜಿ. ವಾಷಿಂಗ್ಟನ್ ಎಂಬ ದಿಢೀರ್ ಕಾಫಿ ಕಂಪನಿ. ಹೋಮ್ಸ್ ಕಥೆಯೊಳಗೆ ಕಾಫಿ ಪುಡಿ ಎಲ್ಲಿ ತುರುಕೋದು? ಅದಕ್ಕೊಂದು ದಾರಿ ಸಿಕ್ಕಿತು. ಅನೌನ್ಸರ್ ಹೋಮ್ಸ್‌ನ ಗೆಳೆಯ, ವಯಸ್ಸಾದ ಡಾಕ್ಟರ್ ವಾಟ್ಸನ್ ಮನೆಗೆ ಬರುತ್ತಾನೆ. ಇಬ್ಬರೂ ಬೆಂಕಿ ಕಾಯಿಸುತ್ತಾ ಕೂರುತ್ತಾರೆ. ಕಾಫಿ ಬರುತ್ತದೆ, ಹೊಗಳಿಕೆಯೂ ಬರುತ್ತದೆ. ಆಮೇಲೆ ವಾಟ್ಸನ್ ಹಳೆಯದೊಂದು ಕೇಸು ಹೇಳಲು ಶುರು ಮಾಡುತ್ತಾನೆ.

ಜಾಹೀರಾತಿಗೆ ಹೂಡಿದ ಹೂಟವಾದರೂ ನಾಟಕಕ್ಕೆ ಇದರಿಂದ ಭಾರಿ ಉಪಕಾರವಾಯಿತು. ಯಾಕೆ ಅಂದರೆ ಡಾಯ್ಲ್ ಬರೆದದ್ದೇ ಹಾಗೆ. ಹೋಮ್ಸ್ ಕಥೆಗಳನ್ನು ಬಹುಪಾಲು ನಮಗೆ ಹೇಳುವವನು ಹೋಮ್ಸ್ ಅಲ್ಲ, ವಾಟ್ಸನ್. ಅವನಿಗೆ ಕಂಡಷ್ಟೇ ನಮಗೂ ಕಾಣಬೇಕು, ಅವನು ಪೆದ್ದಾದಲ್ಲಿ ನಾವೂ ಪೆದ್ದಾಗಬೇಕು. ರೇಡಿಯೊಗೆ ಬೇಕಾಗಿದ್ದೂ ಇಂಥವನೇ. ನನ್ನ ಲೆಕ್ಕದಲ್ಲಿ ರೇಡಿಯೊ ಹೋಮ್ಸ್‌ನ ಚರಿತ್ರೆ ಎಂದರೆ ವಾಟ್ಸನ್‌ನ ಚರಿತ್ರೆ. ಹೋಮ್ಸ್ ಪಾತ್ರ ಚೆನ್ನಾಗಿ ಮಾಡಿದವರು ಬೇಕಾದಷ್ಟು ಜನ. ವಾಟ್ಸನ್ ಕೆಟ್ಟರೆ ನಾಟಕವೇ ಕೆಟ್ಟಿತು.

1939ರಿಂದ ಅಮೆರಿಕದಲ್ಲಿ ಬೇಸಿಲ್ ರಾತ್‌ಬೋನ್ ಮತ್ತು ನೈಜೆಲ್ ಬ್ರೂಸ್ ಜೋಡಿ ಬಂತು. ಸಿನಿಮಾದಲ್ಲೂ ಅವರೇ, ರೇಡಿಯೊದಲ್ಲೂ ಅವರೇ. ಕಾಫಿ ಹೋಗಿ ಕೊನೆಗೆ ಪೆಟ್ರಿ ವೈನ್ ಬಂತು. ಬ್ರೂಸ್ ಮಾಡಿದ ವಾಟ್ಸನ್ ಗೊಣಗುವ, ತಡವರಿಸುವ, ಪ್ರೀತಿ ಹುಟ್ಟಿಸುವ ಮುದುಕ. ಕೇಳಲು ಮಜಾ ಇದೆ. ಆದರೆ ಯುದ್ಧಭೂಮಿಯಲ್ಲಿ ಗುಂಡೇಟು ತಿಂದು ಬಂದ ಡಾಕ್ಟರ್ ಇಷ್ಟು ಬೆಪ್ಪನಾಗಿರಲು ಸಾಧ್ಯವೇ? ಆ ಬೆಪ್ಪುತನ ಎಷ್ಟೋ ವರ್ಷ ವಾಟ್ಸನ್ ಬೆನ್ನು ಬಿಡಲಿಲ್ಲ.

ಆರ್ಸನ್ ವೆಲ್ಸ್ ಹೆಸರನ್ನು ಇಲ್ಲಿ ಬಿಡುವಂತಿಲ್ಲ. ಮಂಗಳ ಗ್ರಹದವರು ದಾಳಿ ಮಾಡಿದರು ಅಂತ 1938ರ ಅಕ್ಟೋಬರ್ 30ರಂದು ಕೇಳುಗರನ್ನು ಬೆಚ್ಚಿಬೀಳಿಸಿದ ಆಸಾಮಿ ಇವನೇ. ಅದಕ್ಕೆ ಐದು ವಾರ ಮೊದಲು ಅದೇ ಕಾರ್ಯಕ್ರಮದಲ್ಲಿ ಅವನು ಹೋಮ್ಸ್ ಆಗಿದ್ದ. ಮರುವರ್ಷ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ ಎತ್ತಿಕೊಂಡ. ಪತ್ತೇದಾರ ಪ್ವಾರೊ ಕೂಡ ತಾನೇ, ಕಥೆ ಹೇಳುವ ಡಾಕ್ಟರ್ ಶೆಪರ್ಡ್ ಕೂಡ ತಾನೇ. ಕಾದಂಬರಿ ಓದಿದವರಿಗೆ ಈ ಪೋಕರಿತನ ಎಷ್ಟು ದೊಡ್ಡದು ಅಂತ ತಿಳಿಯುತ್ತದೆ. ಓದದವರಿಗೆ ಇಷ್ಟು ಸಾಕು.

ದನಿಯ ವಿಷಯ ಬಂದದ್ದರಿಂದ ಒಳಗಿನ ತೊಂದರೆ ಹೇಳಿಬಿಡುತ್ತೇನೆ. ಕ್ರಿಸ್ಟಿಯ ಕಥೆ ಎಂದರೆ ದೊಡ್ಡ ಬಂಗಲೆ, ಒಳಗೆ ಎಂಟ್ಹತ್ತು ಜನ. ಎಲ್ಲರೂ ಒಂದೇ ವರ್ಗದವರು, ಒಂದೇ ಥರ ಇಂಗ್ಲಿಷ್. ಪುಸ್ತಕದಲ್ಲಾದರೆ ‘ಎಂದ ಮೇಜರ್’ ಅಂತ ಬರೆದರೆ ಮುಗಿಯಿತು. ರೇಡಿಯೊದಲ್ಲಿ ಆ ಮೇಜರ್‌ಗೆ ಗೊಗ್ಗರು ಗಂಟಲು, ವಕೀಲನಿಗೆ ಕೀರಲು ದನಿ, ಇನ್ನೊಬ್ಬನಿಗೆ ಸ್ಕಾಟ್ಲೆಂಡಿನ ರಾಗ ಅಂತ ಆರಿಸಿ ಕೂರಿಸಬೇಕು. ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ಯಾರು ಯಾರೆಂದೇ ಗೊತ್ತಾಗದು. ಇನ್ನೂ ದೊಡ್ಡ ಪೇಚು ವೇಷ ಮರೆಸುವ ಕಥೆಗಳದ್ದು. ಒಬ್ಬನೇ ಎರಡು ಹೆಸರಲ್ಲಿ ಓಡಾಡಿದರೆ ಅಚ್ಚಿನಲ್ಲಿ ಗುಟ್ಟು ನಿಲ್ಲುತ್ತದೆ, ದನಿಯಲ್ಲಿ ಕೂಡಲೇ ಬಯಲು. ಅದಕ್ಕೇ ರೇಡಿಯೊದ ಕೊಲೆಗಾರರು ಪಿಸುಗುಟ್ಟುವುದು ಜಾಸ್ತಿ. ಪಿಸುಮಾತಿನಲ್ಲಿ ಗಂಡೋ ಹೆಣ್ಣೋ ಅಂತಲೂ ತಿಳಿಯದು. ಇನ್ನು ಪ್ವಾರೊನ ಆ ಮೀಸೆ? ಅದನ್ನೂ ಗಂಟಲಿನಲ್ಲೇ ತೋರಿಸಬೇಕು.

ನಾಯಿಯ ಕಥೆಗೆ ಇನ್ನೊಂದು ಬಗೆಯ ಎಚ್ಚರ ಬೇಕು. ಹಳ್ಳಿಯ ರಾತ್ರಿ ಅಂದ ಕೂಡಲೇ ಸೌಂಡ್ ಎಫೆಕ್ಟಿನವರ ಕೈ ನಾಯಿ ಬೊಗಳುವ ರೆಕಾರ್ಡಿನ ಮೇಲೆ ಹೋಗುತ್ತದೆ. ಆ ಲಾಯದ ದೃಶ್ಯದಲ್ಲಿ ತಪ್ಪಿ ಒಂದು ಸಲ ಬೌ ಅಂದರೂ ಕಥೆ ಸತ್ತಿತು. ಹಾಗಂತ ಸುಮ್ನೆ ಬಿಟ್ಟರೆ, ಅಲ್ಲೊಂದು ನಾಯಿ ಇದೆ ಅನ್ನೋದೇ ಕೇಳುಗನಿಗೆ ಮರೆತುಹೋಗುತ್ತದೆ.

ಬಿಬಿಸಿಗೆ ಕಾಫಿ ಮಾರುವ ಗೋಜಿರಲಿಲ್ಲ. ಅದು ನಡೆಯುತ್ತಿದ್ದದ್ದು ಕೇಳುಗರು ಕಟ್ಟುವ ಲೈಸೆನ್ಸ್ ಹಣದಲ್ಲಿ. 1929ರಿಂದ 1963ರವರೆಗೆ ಅಲ್ಲಿನ ನಾಟಕ ವಿಭಾಗಕ್ಕೆ ವಾಲ್ ಗೀಲ್ಗುಡ್ ಯಜಮಾನ. ಆಗಿನ ಪದ್ಧತಿಯಲ್ಲಿ ಒಂದೇ ನಾಟಕದ ನಟರು ಬೇರೆ ಬೇರೆ ಸ್ಟುಡಿಯೊಗಳಲ್ಲಿ ಇರುತ್ತಿದ್ದರು. ನಿರ್ದೇಶಕ ಇನ್ನೊಂದು ಕೋಣೆಯಲ್ಲಿ ಗುಂಡಿ ತಿರುಗಿಸುತ್ತಾ ದನಿಗಳನ್ನು ಬೆರೆಸಬೇಕು, ಅದೂ ನೇರ ಪ್ರಸಾರದಲ್ಲಿ. ಈ ಏರ್ಪಾಡನ್ನೇ ಇಟ್ಟುಕೊಂಡು ಗೀಲ್ಗುಡ್ 1934ರಲ್ಲಿ ಇನ್ನೊಬ್ಬರ ಜೊತೆ ಒಂದು ಕಾದಂಬರಿ ಬರೆದರು. ಒಂಟಿ ಸ್ಟುಡಿಯೊದಲ್ಲಿದ್ದ ನಟನನ್ನು ನಾಟಕ ಪ್ರಸಾರವಾಗುತ್ತಿರುವಾಗಲೇ ಕತ್ತು ಹಿಸುಕಿ ಕೊಲ್ಲುತ್ತಾರೆ. ಕೇಳುವವರು ಅದನ್ನು ನಟನೆ ಅಂದುಕೊಳ್ಳುತ್ತಾರೆ. ತಾನು ದುಡಿಯುವ ಕಚೇರಿಯಲ್ಲೇ ಹೆಣ ಬೀಳಿಸಿದ ಅಧಿಕಾರಿ!

1952ರಲ್ಲಿ ಮಕ್ಕಳ ಕಾರ್ಯಕ್ರಮವೊಂದರಲ್ಲಿ ಕಾರ್ಲ್‌ಟನ್ ಹಾಬ್ಸ್ ಹೋಮ್ಸ್ ಆಗಿ, ನಾರ್ಮನ್ ಶೆಲ್ಲಿ ವಾಟ್ಸನ್ ಆಗಿ ಶುರು ಮಾಡಿದರು. 1969ರವರೆಗೆ ಅವರೇ ನಡೆಸಿಕೊಂಡು ಹೋದರು. ಬ್ರಿಟನ್ನಿನ ಒಂದು ತಲೆಮಾರಿಗೆ ಹೋಮ್ಸ್ ಎಂದರೆ ಹಾಬ್ಸ್‌ನ ಗಂಟಲು. ನಡುವೆ 1954ರಲ್ಲಿ ಜಾನ್ ಗೀಲ್ಗುಡ್ ಮತ್ತು ರಾಲ್ಫ್ ರಿಚರ್ಡ್‌ಸನ್ ಜೋಡಿಯೂ ಬಂತು. ಒಂದು ಕಂತಿನಲ್ಲಿ ಹೋಮ್ಸ್‌ನ ಅಣ್ಣನಾಗಿ ಮಾತಾಡಿದ್ದು ಜಾನ್‌ನ ನಿಜವಾದ ಅಣ್ಣ ವಾಲ್. ಹೋಮ್ಸ್‌ನ ಕಡುವೈರಿ ಮೊರಿಯಾರ್ಟಿಯ ಪಾತ್ರಕ್ಕೆ ಬಂದದ್ದು ಅದೇ ಆರ್ಸನ್ ವೆಲ್ಸ್.

ಮನೆಮನೆಗೆ ಟಿವಿ ಬಂದ ಮೇಲೆ ಇದೆಲ್ಲ ಮುಗಿಯಬೇಕಿತ್ತು, ಅಲ್ವಾ? ಆದದ್ದು ಬೇರೆ. ಸೇಯರ್ಸ್‌ಳ ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿಯಾಗಿ ಟಿವಿಯಲ್ಲಿ ನಟಿಸುತ್ತಿದ್ದ ಇಯಾನ್ ಕಾರ್ಮೈಕಲ್ 1973ರಿಂದ ಅದೇ ಪಾತ್ರವನ್ನು ಬಿಬಿಸಿಯ ರೇಡಿಯೊ 4ರಲ್ಲೂ ಮಾಡಿದರು. ಜಾನ್ ಮಾಫಟ್ ಇಪ್ಪತ್ತು ವರ್ಷದಷ್ಟು ಕಾಲ ಪ್ವಾರೊ ಆದರು. ಜೂನ್ ವಿಟ್‌ಫೀಲ್ಡ್ 1993ರಿಂದ 2001ರೊಳಗೆ ಕ್ರಿಸ್ಟಿ ಸೃಷ್ಟಿಸಿದ ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್‌ಳ 12 ಕಾದಂಬರಿಗಳನ್ನೂ ಮುಗಿಸಿದರು. ಇದು ನನಗೆ ಎಲ್ಲಕ್ಕಿಂತ ಸೋಜಿಗ. ಮಾರ್ಪಲ್‌ಳ ಜಾಣತನವೆಲ್ಲ ಮೂಲೆಯಲ್ಲಿ ಕೂತು, ಉಲ್ಲನ್ ಹೆಣೆಯುತ್ತಾ, ಬಾಯಿಬಿಡದೆ ಇರುವುದರಲ್ಲಿದೆ. ಬಾಯಿಬಿಡದವಳು ರೇಡಿಯೊದಲ್ಲಿ ಇಲ್ಲವೇ ಇಲ್ಲ. ಅದಕ್ಕೇ ಯಾರಾದರೂ ಅವಳನ್ನು ಏನಾದರೂ ಕೇಳುತ್ತಲೇ ಇರಬೇಕು.

ಹೋಮ್ಸ್‌ನ 56 ಸಣ್ಣಕಥೆ, 4 ಕಾದಂಬರಿ, ಒಟ್ಟು 60ನ್ನೂ ಅದೇ ಇಬ್ಬರು ನಟರ ದನಿಯಲ್ಲಿ ಮುಗಿಸಿದ್ದು 1989ರಿಂದ 1998ರವರೆಗಿನ ರೇಡಿಯೊ 4ರ ಸರಣಿ. ಕ್ಲೈವ್ ಮೆರಿಸನ್ ಹೋಮ್ಸ್, ಮೈಕೆಲ್ ವಿಲಿಯಮ್ಸ್ ವಾಟ್ಸನ್. ಬರಹಗಾರರ ತಂಡಕ್ಕೆ ಬರ್ಟ್ ಕೂಲ್ಸ್ ಮುಂದಾಳು. ಇಲ್ಲಿ ವಾಟ್ಸನ್ ಬೆಪ್ಪನಲ್ಲ. ನೋವು ತಿಂದ, ಬುದ್ಧಿವಂತ ಡಾಕ್ಟರ್. ಗೆಳೆಯನ ಒರಟುತನ ಸಹಿಸುತ್ತಾನೆ, ಕೆಲವು ಸಲ ಸಹಿಸುವುದಿಲ್ಲ. ಕೊಲೆಗಾರ ಯಾರೆಂದು ಗೊತ್ತಿದ್ದೂ ಜನ ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. ತಾಳಮದ್ದಳೆ ಕೇಳುವವರಿಗೆ ಇದರಲ್ಲಿ ಹೊಸದೇನಿಲ್ಲ. ಕರ್ಣ ಸಾಯುತ್ತಾನೆ ಎಂದು ತಿಳಿಯಲು ಯಾರೂ ಅಲ್ಲಿಗೆ ಹೋಗುವುದಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ಇವತ್ತು ಶಲ್ಯ ಏನು ಹೇಳುತ್ತಾನೆ, ಹೇಗೆ ಹೇಳುತ್ತಾನೆ, ಅದಕ್ಕೆ ಕಾಯುತ್ತಾರೆ.

ರೇಡಿಯೊದಿಂದ ಹೊರಟು ಬೇರೆಡೆ ಹೋದ ಕಥೆಯೂ ಇದೆ. ರಾಣಿ ಮೇರಿಗೆ 80 ತುಂಬಿದಾಗ ಬಿಬಿಸಿ ಅವರಿಗಾಗಿ ಕ್ರಿಸ್ಟಿಯಿಂದ ನಾಟಕ ಬರೆಸಿತು. ಅರ್ಧ ಗಂಟೆಯ ‘ತ್ರೀ ಬ್ಲೈಂಡ್ ಮೈಸ್’ 1947ರ ಮೇ 30ರಂದು ಪ್ರಸಾರವಾಯಿತು. ಅದನ್ನೇ ಹಿಗ್ಗಿಸಿ ಮಾಡಿದ ರಂಗನಾಟಕ ‘ದಿ ಮೌಸ್‌ಟ್ರ್ಯಾಪ್’. 1952ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು, ಕೋವಿಡ್ ಕಾಲದಲ್ಲಿ ಬಾಗಿಲು ಹಾಕಿದ್ದು ಬಿಟ್ಟರೆ, ಈಗಲೂ ನಡೆಯುತ್ತಿದೆ.

ರಂಗಕ್ಕೆ ಬಂದರೂ ಆ ನಾಟಕಕ್ಕೆ ಹುಟ್ಟೂರು ಮರೆತಿಲ್ಲ. ಶುರುವಿನಲ್ಲಿ ಪೂರ್ತಿ ಕತ್ತಲೆ. ಮಕ್ಕಳ ಪದ್ಯದ ರಾಗದಲ್ಲಿ ಯಾರೋ ಸಿಳ್ಳೆ ಹಾಕುವುದು ಕೇಳುತ್ತದೆ, ಆಮೇಲೆ ಹೆಂಗಸೊಬ್ಬಳ ಚೀರಾಟ. ಬೆಳಕು ಬಂದಾಗ ಕಾಣುವ ಮನೆಯಲ್ಲಿ ರೇಡಿಯೊ ಹಾಡುತ್ತಿರುತ್ತದೆ, ಕೊಲೆಯ ಸುದ್ದಿ ಬರುವುದು ಅದರಿಂದಲೇ. ಆ ಸುದ್ದಿ ಓದುವ ದನಿ ರೇಡಿಯೊ ನಟ ಡೆರಿಕ್ ಗೈಲರ್‌ನದು, ಮೊದಲ ಪ್ರದರ್ಶನದ ಕಾಲದಲ್ಲಿ ರೆಕಾರ್ಡ್ ಮಾಡಿದ್ದು. ರಂಗದ ಮೇಲಿನ ನಟರು ವರ್ಷವರ್ಷ ಬದಲಾಗುತ್ತಾ ಬಂದಿದ್ದಾರೆ. ಗೈಲರ್ 1999ರಲ್ಲಿ ತೀರಿಕೊಂಡರು. ಆಮೇಲೂ ಅದೇ ರೆಕಾರ್ಡ್ ಹಾಕುತ್ತಿದ್ದರು.