800 ಕ್ಯಾಲರಿಗೆ ಇಳಿಸಿದರೂ ತೂಕ ನಿಂತಿದೆ. ಹೆಚ್ಚು ಉಂಡರೆ ಇಳಿಯುತ್ತದೆಯೇ?

ಪ್ರಶ್ನೆ: ನಾನು ಜಮಖಂಡಿ ಹತ್ತಿರದ ಊರಿನಲ್ಲಿ ಶಿಕ್ಷಕಿ. ವಯಸ್ಸು 38, ಎತ್ತರ 154 ಸೆಂ.ಮೀ. ಎಂಟು ತಿಂಗಳ ಹಿಂದೆ 79 ಕೆ.ಜಿ. ಇದ್ದೆ. ದಿನಕ್ಕೆ 800 ಕ್ಯಾಲರಿ ಮೀರದಂತೆ ಉಣ್ಣತೊಡಗಿದೆ, 11 ಕೆ.ಜಿ. ಇಳಿಯಿತು. ಈಗ ಎರಡೂವರೆ ತಿಂಗಳಿನಿಂದ 68ಕ್ಕೇ ನಿಂತಿದೆ. ಕೂದಲು ಹಿಡಿಹಿಡಿಯಾಗಿ ಉದುರುತ್ತಿದೆ. ತೀರಾ ಕಡಿಮೆ ತಿಂದರೆ ದೇಹ ಕೊಬ್ಬನ್ನು ಬಿಟ್ಟುಕೊಡುವುದಿಲ್ಲ, ಹೆಚ್ಚು ತಿಂದರೆ ಮತ್ತೆ ಇಳಿಯತೊಡಗುತ್ತದೆ ಎಂದು ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕಿ ಹೇಳುತ್ತಾರೆ. ನಿಜವೇ? ನನಗಂತೂ ಹೆಚ್ಚು ತಿನ್ನಲು ಭಯ. ನನ್ನನ್ನು ನೋಡಿ 14 ವರ್ಷದ ಮಗಳೂ ರಾತ್ರಿ ಊಟ ಬಿಡುತ್ತಿದ್ದಾಳೆ.

ಉತ್ತರ: ಅಕ್ಕೋರೆ, ಈ ಪ್ರಶ್ನೆ ನಿಮ್ಮೊಬ್ಬರದಲ್ಲ. ವಿಜಯಪುರದಲ್ಲಿ ನನ್ನ ಬಳಿ ಆಹಾರದ ಸಲಹೆಗೆ ಬರುವ ಹೆಣ್ಣುಮಕ್ಕಳಲ್ಲಿ ಅನೇಕರು ಇದನ್ನೇ ಕೇಳುತ್ತಾರೆ. ಕೇಳುವಾಗ ಬಹುತೇಕ ಎಲ್ಲರ ಮುಖದಲ್ಲೂ ತಪ್ಪು ಮಾಡಿ ಸಿಕ್ಕಿಬಿದ್ದವರ ಕಳೆ ಇರುತ್ತದೆ. ನೀವು ತಪ್ಪು ಮಾಡಿಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಅರ್ಧ ಸುಳ್ಳು, ಅರ್ಧ ನಿಜ ಇದೆ. ಕಡಿಮೆ ತಿಂದರೆ ದೇಹ ಕೊಬ್ಬನ್ನು ಬಿಡುವುದೇ ಇಲ್ಲ ಎಂಬುದು ಸುಳ್ಳು. ಬರಗಾಲದಲ್ಲಿ ಯಾರೂ ದಪ್ಪಗಾಗಲಿಲ್ಲ. 1876ರಿಂದ 78ರವರೆಗೆ ಅಂದಿನ ಕಲಾದಗಿ ಜಿಲ್ಲೆಯನ್ನು, ಅಂದರೆ ಇಂದಿನ ವಿಜಯಪುರ, ಬಾಗಲಕೋಟೆಯ ಈ ನೆಲವನ್ನೇ ಹಿಂಡಿದ ಬರ, ಜನರನ್ನು ಎಲುಬಿನ ಹಂದರ ಮಾಡಿತು. ಆದರೆ ಬರ ಬಂದಾಗ ಮನೆತನ ಹೇಗೆ ನಡೆದುಕೊಳ್ಳುತ್ತದೆಂಬುದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹಗೇವಿನಲ್ಲಿ ಜೋಳ ಇದ್ದರೂ ಮನೆಯ ಹಿರಿಯಳು ಅಳತೆ ಹಿಡಿಯುತ್ತಾಳೆ. ಮದುವೆ ಮುಂದಕ್ಕೆ ಹೋಗುತ್ತದೆ, ಗೋಡೆಗೆ ಸುಣ್ಣ ನಿಲ್ಲುತ್ತದೆ. ದೇಹವೂ ಹಗೇವನ್ನು ಬೀಗ ಹಾಕಿ ಮುಚ್ಚಿಡುವುದಿಲ್ಲ, ಖರ್ಚನ್ನು ಬಿಗಿ ಮಾಡುತ್ತದೆ. ಕೂದಲು, ಮುಟ್ಟು, ಮೈಯ ಬಿಸಿ, ಉತ್ಸಾಹ ಇವೆಲ್ಲ ಅದರ ಲೆಕ್ಕದಲ್ಲಿ ಮುಂದೂಡಬಹುದಾದ ಖರ್ಚುಗಳು.

ಇದನ್ನು ಅಳೆದು ನೋಡಿದ ಪ್ರಯೋಗವೊಂದಿದೆ. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿ ಇರಿಸಿದರು. ಅವರೆಲ್ಲ ಸ್ವಇಚ್ಛೆಯಿಂದ ಬಂದವರು. ದಿನಕ್ಕೆ ಸುಮಾರು 3,200 ಕ್ಯಾಲರಿ ಉಣ್ಣುತ್ತಿದ್ದವರಿಗೆ ಸರಾಸರಿ 1,570 ಕ್ಯಾಲರಿ ಸಿಕ್ಕಿತು. ನಿಮ್ಮ 800ರ ಹೆಚ್ಚುಕಡಿಮೆ ಎರಡರಷ್ಟು ಎಂಬುದನ್ನು ಗಮನಿಸಿ. ದೇಹತೂಕದ ಕಾಲು ಭಾಗ ಕರಗಿತು. ಅರೆಹೊಟ್ಟೆಯಿಂದ ದಪ್ಪಗಾದವರು ಒಬ್ಬರೂ ಇರಲಿಲ್ಲ. ಆದರೆ ನಾಡಿ ಬಡಿತ ನಿಧಾನವಾಯಿತು, ಬೇಸಿಗೆಯಲ್ಲೂ ಚಳಿ ಎನ್ನತೊಡಗಿದರು, ಕಾಲಿಗೆ ನೀರು ತುಂಬಿತು. ಕೆಲವರು ಅಡುಗೆ ಪುಸ್ತಕಗಳನ್ನು ಓದುತ್ತ ಕುಳಿತರು. ನಿರ್ಬಂಧ ತೆಗೆದ ಮೇಲೆ ಎಷ್ಟು ಉಂಡರೂ ತೃಪ್ತಿಯಾಗದೆ ಮತ್ತೆ ಮತ್ತೆ ಉಂಡರು. ಕಳೆದುಕೊಂಡ ಸ್ನಾಯು ಮರಳುವ ಮೊದಲೇ ಕೊಬ್ಬು ಮರಳಿತು, ಅದೂ ಮೊದಲಿಗಿಂತ ಹೆಚ್ಚಾಗಿ. ಅವರಾರೂ ಮನಸ್ಸಿನ ಹಿಡಿತ ಇಲ್ಲದವರಲ್ಲ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೂ ಇದನ್ನೇ ಹೇಳುತ್ತದೆ: ಹತ್ತು ವಾರ ತೀರಾ ಕಡಿಮೆ ಕ್ಯಾಲರಿಯ ಪಥ್ಯ ಮಾಡಿದವರಲ್ಲಿ ಹಸಿವನ್ನು ಕೆರಳಿಸುವ ಹಾರ್ಮೋನುಗಳು ಒಂದು ವರ್ಷವಾದರೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ.

ಹಾಗಾದರೆ 800 ಕ್ಯಾಲರಿ ಉಂಡರೂ ನಿಮ್ಮ ತೂಕ ನಿಂತಿರುವುದೇಕೆ? ಪತ್ರ ಓದಿದ ಮೇಲೆ ನಾನು ನಿಮಗೆ ಫೋನ್ ಮಾಡಿ ಒಂದು ದಿನದ ಊಟವನ್ನು ತುತ್ತುತುತ್ತಾಗಿ ಕೇಳಿದ್ದು ಇದಕ್ಕಾಗಿಯೇ. ದಿನಕ್ಕೆ ಮೂರು ರೊಟ್ಟಿ, ಒಂದಕ್ಕೆ 80 ಕ್ಯಾಲರಿ ಎಂದು ಬರೆದುಕೊಂಡಿದ್ದಿರಿ. ಆ ಲೆಕ್ಕ ಮೊಬೈಲಿನಲ್ಲಿ ಸಿಕ್ಕ ಯಾವುದೋ ಪುಟ್ಟ ಚಪಾತಿಯದು. ಅಂದು ಸಂಜೆ ನಾನು ನಮ್ಮ ಅಡುಗೆಮನೆಯಲ್ಲಿ ಎಸರಿಟ್ಟು, ಒಂದು ರೊಟ್ಟಿಗೆ ಆಗುವಷ್ಟು ಹಿಟ್ಟನ್ನು ನಾದುವ ಮೊದಲು ತಕ್ಕಡಿಗೆ ಹಾಕಿ ನೋಡಿದೆ: 52 ಗ್ರಾಂ. ಬಡಿದ ರೊಟ್ಟಿ ಪರಾತದ ಅಂಚಿಗೆ ಮುಟ್ಟಿತು, ತೆಳ್ಳಗೆ, ನೋಡಲು ಏನೂ ಇಲ್ಲದಂತೆ. ಆದರೆ 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 335 ಕ್ಯಾಲರಿ ಇರುವುದರಿಂದ ಆ ಒಂದು ರೊಟ್ಟಿ ಹತ್ತಿರ ಹತ್ತಿರ 170 ಕ್ಯಾಲರಿ. ಮೂರಕ್ಕೆ 270 ಕ್ಯಾಲರಿ ಅಲ್ಲೇ ತಪ್ಪಿತು. ಹಿಂಡಿಗೆ ಕಲಸಿಕೊಳ್ಳುವ ಎರಡು ಚಮಚ ಶೇಂಗಾ ಎಣ್ಣೆಯನ್ನು ನೀವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಚಿಕ್ಕ ಚಮಚವಾದರೂ ಎರಡಕ್ಕೆ 90 ಕ್ಯಾಲರಿ. ಶಾಲೆಯಲ್ಲಿ ಎರಡು ಸಲ ಸಕ್ಕರೆ ಹಾಕಿದ ಚಹಾ, 120. ಅಲ್ಲಿಗೆ 800 ಎಂಬುದು 1,280 ಆಯಿತು.

ಇನ್ನು ಭಾನುವಾರ. ಆರು ದಿನ ಬಿಗಿಹಿಡಿದು ಏಳನೆಯ ದಿನ ತಡೆಯಲಾಗದೆ ಉಣ್ಣುತ್ತೇನೆ ಎಂದು ನೀವು ಹೇಳುವಾಗ ದನಿ ಸಣ್ಣದಾಯಿತು. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಉಣ್ಣಲು ಕುಳಿತಾಗ ನಾಲ್ಕು ಶೇಂಗಾ ಹೋಳಿಗೆ ತಿಂದು, ಮನೆಗೆ ಬಂದು ಅತ್ತದ್ದನ್ನೂ ಹೇಳಿದಿರಿ. ಅಂಥ ದಿನ 3,000 ಕ್ಯಾಲರಿ ಸಲೀಸಾಗಿ ದಾಟುತ್ತದೆ. ಆರು ದಿನಕ್ಕೆ 1,280ರಂತೆ, ಒಂದು ದಿನಕ್ಕೆ 3,000 ಹಿಡಿದರೆ ವಾರದ ಸರಾಸರಿ ದಿನಕ್ಕೆ 1,525.

ಈಗ ಖರ್ಚಿನ ಕಡೆ ನೋಡೋಣ. ನಿಮ್ಮ ತೂಕ, ಎತ್ತರ, ವಯಸ್ಸಿಗೆ ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾಗುವುದು ಸುಮಾರು 1,290 ಕ್ಯಾಲರಿ. ಕೆ.ಜಿ. ತೂಕವನ್ನು 10ರಿಂದ, ಸೆಂ.ಮೀ. ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದರಷ್ಟನ್ನು ಕಳೆದು, ಹೆಣ್ಣುಮಕ್ಕಳಿಗೆ ಇನ್ನೊಂದು 161 ಕಳೆದರೆ ಈ ಅಂಕಿ ಸಿಗುತ್ತದೆ. ಯಾರಾದರೂ ತಮ್ಮದನ್ನು ಲೆಕ್ಕ ಹಾಕಬಹುದು. ಮನೆಗೆಲಸ, ಶಾಲೆ, ಓಡಾಟ ಸೇರಿದರೆ 1,800ರ ಸುಮಾರು. ಆದರೆ ಎಂಟು ತಿಂಗಳ ಬರ ಕಂಡ ದೇಹದ ಖರ್ಚು ಅದಕ್ಕಿಂತ ಕಡಿಮೆ. ಮೆಟ್ಟಿಲು ಹತ್ತುವಲ್ಲಿ ಗೋಡೆ ಹಿಡಿದು ನಿಲ್ಲುತ್ತೀರಿ, ನಿಂತು ಪಾಠ ಮಾಡುತ್ತಿದ್ದವರು ಕುರ್ಚಿ ಎಳೆದುಕೊಳ್ಳುತ್ತೀರಿ. ಗೊತ್ತಿಲ್ಲದೆಯೇ ಚಟುವಟಿಕೆ ಕುಗ್ಗುತ್ತದೆ. ನಿಮ್ಮ ಖರ್ಚು 1,550ರ ಆಸುಪಾಸಿಗೆ ಬಂದಿದೆ ಎಂದು ನನ್ನ ಅಂದಾಜು. ಬರುವುದೂ ಹೋಗುವುದೂ ಸರಿಸಮ, ಅದಕ್ಕೇ ತೂಕ ನಿಂತಿದೆ.

ನೀವು ಸುಳ್ಳು ಬರೆದಿಟ್ಟಿರಿ ಎಂದಲ್ಲ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು, 1,200 ಕ್ಯಾಲರಿಯೊಳಗೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುವವರನ್ನು ನಿಖರವಾಗಿ ಅಳೆದು ನೋಡಿದರು. ಅವರ ಚಯಾಪಚಯ, ಅಂದರೆ ದೇಹ ಶಕ್ತಿಯನ್ನು ಖರ್ಚು ಮಾಡುವ ಕ್ರಿಯೆ, ಸರಿಯಾಗಿಯೇ ಇತ್ತು. ತಿಂದದ್ದನ್ನು ಮಾತ್ರ ಸರಾಸರಿ 47 ಪ್ರತಿಶತ ಕಡಿಮೆ ವರದಿ ಮಾಡಿದ್ದರು. ಅವರು ಯಾರನ್ನೂ ವಂಚಿಸುತ್ತಿರಲಿಲ್ಲ. ಹಸಿದವರಿಗೆ ತಿಂದದ್ದು ಕಡಿಮೆಯೆಂದೇ ಕಾಣುತ್ತದೆ, ಹಸಿವಿನ ಕಷ್ಟವಂತೂ ಪೂರಾ ನಿಜ.

ನಿಮ್ಮ ಸಹೋದ್ಯೋಗಿಯ ಮಾತಿನ ನಿಜವಾದ ಅರ್ಧ ಇಲ್ಲಿದೆ. ಪ್ರತಿದಿನ ತಪ್ಪದೆ 1,400ರಿಂದ 1,450 ಕ್ಯಾಲರಿ ಉಂಡರೆ ನಿಮಗೆ ಅದು ಹೆಚ್ಚು ಉಂಡಂತೆ ಅನಿಸುತ್ತದೆ, ಆದರೆ ವಾರದ ಲೆಕ್ಕದಲ್ಲಿ ಅದು ಈಗಿನದಕ್ಕಿಂತ ಕಡಿಮೆ. ಹೊಟ್ಟೆ ತುಂಬಿದವರಿಗೆ ಭಾನುವಾರ ಬರಗೆಟ್ಟಂತೆ ತಿನ್ನುವ ಗತಿ ಬರುವುದಿಲ್ಲ, ಕಾಲಿನಲ್ಲಿ ಕಸುವು ಬಂದು ಓಡಾಟ ಮರಳುತ್ತದೆ. ಉಂಡ ಅನ್ನವೇ ಕೊಬ್ಬನ್ನು ಕರಗಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1,800 ಉಂಡರೆ ನಿಮ್ಮ ತೂಕ ಇಳಿಯುವುದಿಲ್ಲ.

ಏನು ಉಣ್ಣಬೇಕು? ನಮ್ಮ ಊಟವನ್ನು ಬಿಟ್ಟು ಓಟ್ಸ್ ಹುಡುಕುವ ಅಗತ್ಯವಿಲ್ಲ. ಬೆಳಿಗ್ಗೆ ಒಂದು ರೊಟ್ಟಿಯ ಜೊತೆ ಮೊಳಕೆ ಬಂದ ಮಡಿಕೆಕಾಳಿನ ಪಲ್ಯ, ಒಂದು ಕಪ್ ಚಹಾ. ಮಧ್ಯಾಹ್ನ ಎರಡು ರೊಟ್ಟಿ, ಬೇಳೆ ಹಾಕಿದ ಪುಂಡಿಪಲ್ಯ, ಒಂದು ಚಮಚ ಶೇಂಗಾ ಹಿಂಡಿ, ಬಟ್ಟಲು ಮೊಸರು. ಸಂಜೆ ಒಂದು ಹಿಡಿ ಪುಟಾಣಿ. ರಾತ್ರಿ ಒಂದು ರೊಟ್ಟಿ, ಝುಣಕ, ಜೊತೆಗೆ ಹಸಿ ಸೌತೆಕಾಯಿ, ಮೂಲಂಗಿ, ಮೆಂತ್ಯ ಸೊಪ್ಪು ಬೇಕಾದಷ್ಟು. ಇಡೀ ದಿನಕ್ಕೆ ಚಿಕ್ಕ ಚಮಚದಲ್ಲಿ ಮೂರು ಚಮಚ ಎಣ್ಣೆ. ಇಷ್ಟಕ್ಕೆ 1,450ರಷ್ಟು ಕ್ಯಾಲರಿ, 55 ಗ್ರಾಂ ಪ್ರೋಟೀನ್ ಆಗುತ್ತದೆ. ಮೊಟ್ಟೆ ತಿನ್ನುವವರಾದರೆ ಹಿಂಡಿಯನ್ನು ಬಿಟ್ಟು ಒಂದು ಮೊಟ್ಟೆ ಇಟ್ಟುಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಶಿಫಾರಸು ಮಾಡಿದಂತೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ತೂಕ ಇಳಿಸುವಾಗ ಸ್ನಾಯು ಉಳಿಸಿಕೊಳ್ಳಲು ಇದಕ್ಕಿಂತ ತುಸು ಹೆಚ್ಚೇ ಒಳ್ಳೆಯದು, ಆದ್ದರಿಂದ ಕಾಳು ಮತ್ತು ಮೊಸರಿನಲ್ಲಿ ಮಾತ್ರ ಜಿಪುಣತನ ಬೇಡ.

ಈಗಿನ ಊಟದಿಂದ ಇಲ್ಲಿಗೆ ಒಂದೆರಡು ವಾರದಲ್ಲಿ ಬನ್ನಿ. ನಿಮ್ಮ ಭಯ ನಿಜವಾದಂತೆ ಕಾಣುವುದು ಆಗಲೇ: ತಕ್ಕಡಿ 69, ಒಮ್ಮೊಮ್ಮೆ 70 ತೋರಿಸಬಹುದು. ದಯವಿಟ್ಟು ಅಂದು ಊಟ ಬಿಡಬೇಡಿ. ಸ್ನಾಯು ಮತ್ತು ಯಕೃತ್ತಿನಲ್ಲಿ ಖಾಲಿಯಾಗಿದ್ದ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ತುಂಬುವಾಗ, ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನೂ ಜೊತೆಗೆ ಹಿಡಿದುಕೊಳ್ಳುತ್ತದೆ. ಏರಿದ ತೂಕ ಆ ನೀರಿನದು. ಒಂದು ಕೆ.ಜಿ. ಕೊಬ್ಬು ಕೂಡಬೇಕಾದರೆ ಖರ್ಚು ಕಳೆದು 7,700ರಷ್ಟು ಕ್ಯಾಲರಿ ಉಳಿಯಬೇಕು. ಒಂದು ವಾರ ದಿನಕ್ಕೊಂದು ರೊಟ್ಟಿ, ಬಟ್ಟಲು ಕಾಳು ಹೆಚ್ಚು ಉಂಡರೆ ಅಷ್ಟು ಉಳಿಯಲು ಸಾಧ್ಯವೇ ಇಲ್ಲ. ಬೆಳಿಗ್ಗೆ ಮುಖ ತೊಳೆದು ತೂಕ ಬರೆದಿಟ್ಟು, ಏಳು ದಿನದ ಸರಾಸರಿಯನ್ನು ಮಾತ್ರ ನೋಡಿ. ಮುಟ್ಟಿನ ದಿನಗಳ ಏರಿಳಿತ ಬೇರೆ ಇರುತ್ತದೆ, ಹಾಗಾಗಿ ಆರು ವಾರವಾಗುವ ಮೊದಲು ತೀರ್ಮಾನಕ್ಕೆ ಬರಬೇಡಿ. ದಿನಕ್ಕೆ 40 ನಿಮಿಷದ ಚುರುಕು ನಡಿಗೆ ಸೇರಿಸಿದರೆ ತಿಂಗಳಿಗೆ ಒಂದು ಕೆ.ಜಿ. ಆಸುಪಾಸು ಇಳಿದೀತು. ನಿಧಾನ ಎನಿಸುತ್ತದೆ, ಗೊತ್ತು. ಆದರೆ ಕಳೆದ ಎರಡೂವರೆ ತಿಂಗಳಲ್ಲಿ ಹಸಿದುಕೊಂಡೇ ಇದ್ದು ಇಳಿದದ್ದು ಸೊನ್ನೆ.

ಕೂದಲಿನ ವಿಷಯ: ತೂಕ ಸರಸರನೆ ಇಳಿದ ಎರಡು-ಮೂರು ತಿಂಗಳ ನಂತರ ಕೂದಲು ಉದುರುವುದು ಸಾಮಾನ್ಯ, ಊಟ ಸರಿಯಾದ ಮೇಲೆ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಆದರೂ ರಕ್ತದಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿಬಿಡಿ. ಬಲಗಡೆ ಪಕ್ಕೆಲುಬಿನ ಕೆಳಗೆ ಊಟದ ನಂತರ ನೋವು ಬಂದರೆ ತಡ ಮಾಡಬೇಡಿ, ತೂಕ ವೇಗವಾಗಿ ಇಳಿದವರಲ್ಲಿ ಪಿತ್ತಕೋಶದಲ್ಲಿ ಕಲ್ಲು ಆಗುವುದು ಹೆಚ್ಚು. ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಮಾತ್ರೆ ತೆಗೆದುಕೊಳ್ಳುವವರು ಊಟದ ಪ್ರಮಾಣ ಬದಲಿಸುವ ಮೊದಲು ವೈದ್ಯರನ್ನು ಕಾಣಲೇಬೇಕು. ನಿಜಕ್ಕೂ 800 ಕ್ಯಾಲರಿಯಷ್ಟೇ ತಿಂದು ತಿಂಗಳುಗಟ್ಟಲೆ ಇರುವವರೂ ಅಷ್ಟೇ. ಅಂಥ ಪಥ್ಯವನ್ನು ವೈದ್ಯರು ಕೆಲವರಿಗೆ ಹೇಳುವುದುಂಟು, ಆದರೆ ಅವರ ಕಣ್ಣೆದುರಿನಲ್ಲಿ, ಗೊತ್ತುಮಾಡಿದ ವಾರಗಳಿಗೆ ಮಾತ್ರ.

ನಿಮ್ಮ ಪತ್ರದ ಕೊನೆಯ ಸಾಲು ಓದಿದಾಗ ಜೀವ ಚುರ್ ಎಂದಿತು. 14 ವರ್ಷದ ಹುಡುಗಿಗೆ ದಿನಕ್ಕೆ ಬೇಕಾದದ್ದು 2,400 ಕ್ಯಾಲರಿ ಎನ್ನುತ್ತದೆ ಐಸಿಎಂಆರ್. ಅವಳ ಎಲುಬು ಬಲಿಯುವ ಕಾಲ ಇದು, ಮುಟ್ಟು ಸರಿಯಾಗಿ ನೆಲೆಗೊಳ್ಳುವ ಕಾಲ. ಅವಳಿಗೆ ಲೆಕ್ಕ ಹೇಳಿಕೊಡಬೇಡಿ, ತಕ್ಕಡಿಯನ್ನು ಅವಳ ಕಣ್ಣಿಗೆ ಬೀಳದ ಕಡೆ ಇಡಿ. ಊಟ ಬಿಡುವುದು ಹೀಗೇ ಮುಂದುವರಿದರೆ, ಉಂಡದ್ದನ್ನು ವಾಂತಿ ಮಾಡುತ್ತಿದ್ದರೆ, ಮುಟ್ಟು ನಿಂತರೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಇಂದು ರಾತ್ರಿ ಮಾತ್ರ ಬೇರೇನೂ ಬೇಡ. ಹಂಚಿನಿಂದ ಇಳಿದ ಬಿಸಿ ರೊಟ್ಟಿಯನ್ನು ನಿಮ್ಮ ತಟ್ಟೆಗೂ ಹಾಕಿಕೊಂಡು, ಅವಳ ಪಕ್ಕದಲ್ಲಿ ಕುಳಿತು ಉಣ್ಣಿರಿ.