ಜಾರ್ಜ್ ಆರ್ವೆಲ್‌ನ ಎಡ ಶ್ವಾಸಕೋಶ

ಕ್ಷಯ ತಗುಲಿದರೆ ಪ್ರತಿಭೆ ಮೊನಚಾಗುತ್ತದೆ ಎಂದು ಯುರೋಪಿನಲ್ಲಿ ಬಹುಕಾಲ ನಂಬಿದ್ದರು. ಶುದ್ಧ ಬೊಗಳೆ. 1947ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಹೇರ್‌ಮೈರ್ಸ್ ಆಸ್ಪತ್ರೆಗೆ ಕ್ಷಯದಿಂದ ಸೇರಿದ ಇಂಗ್ಲಿಷ್ ಲೇಖಕ ಆರ್ವೆಲ್‌ನ ಟೈಪ್‌ರೈಟರನ್ನು ವೈದ್ಯರು ಕಿತ್ತಿಟ್ಟರು. ಬರೆಯುತ್ತಿದ್ದ ‘ನೈನ್‌ಟೀನ್ ಎಯ್ಟಿ-ಫೋರ್’ ಕಾದಂಬರಿ ಅರ್ಧಕ್ಕೇ ನಿಂತಿತು.

ಎಡ ಶ್ವಾಸಕೋಶದಲ್ಲಿ ಕುಳಿ ಬಿದ್ದಿತ್ತು. ಬೆರಳ ಗೆಣ್ಣಿನ ಮೇಲಿನ ಗಾಯ ಮಡಚಿದಾಗಲೆಲ್ಲ ಬಾಯಿಬಿಡುವಂತೆ, ಪ್ರತಿ ಉಸಿರೂ ಕುಳಿಯ ಗೋಡೆಗಳನ್ನು ಎಳೆಯುತ್ತದೆ. ಜೊತೆಗೆ ಕ್ಷಯದ ಬ್ಯಾಕ್ಟೀರಿಯಕ್ಕೆ ಆಮ್ಲಜನಕವೆಂದರೆ ಪ್ರಾಣ. ಹಾಗಾಗಿ ಶ್ವಾಸಕೋಶವನ್ನೇ ಕುಗ್ಗಿಸಿ ಮಲಗಿಸುವುದು ಆಗಿನ ಉಪಾಯ. ಕೊರಳೆಲುಬಿನ ಮೇಲೆ ಸಣ್ಣದಾಗಿ ಕೊಯ್ದು, ವಪೆಗೆ (ಎದೆ ಮತ್ತು ಹೊಟ್ಟೆಯ ನಡುವಿನ, ಉಸಿರಾಟದ ಸ್ನಾಯುಪರದೆ) ಹೋಗುವ ನರವನ್ನು ಇಕ್ಕಳದಿಂದ ಹಿಸುಕುತ್ತಿದ್ದರು. ಕತ್ತರಿಸುತ್ತಿರಲಿಲ್ಲ, ಏಕೆಂದರೆ ಹಿಸುಕಿದ ನರ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಆ ಬದಿಯ ವಪೆ ಸೋತು ಮೇಲೇರುತ್ತದೆ. ಆಮೇಲೆ ಹೊಟ್ಟೆಯೊಳಗೆ ಸೂಜಿಯಿಂದ ಗಾಳಿ ತುಂಬಿ ಅದನ್ನು ಇನ್ನಷ್ಟು ಮೇಲಕ್ಕೆ ತಳ್ಳುವುದು. ದೇಹ ಆ ಗಾಳಿಯನ್ನು ಹೀರಿಕೊಳ್ಳುವುದರಿಂದ ಮತ್ತೆ ಮತ್ತೆ ತುಂಬಬೇಕು. ಸೂಜಿ ತಪ್ಪಿ ರಕ್ತನಾಳಕ್ಕೆ ಗಾಳಿ ಹೊಕ್ಕರೆ ರೋಗಿ ಅಲ್ಲೇ ಸಾಯಬಹುದು. ಆರ್ವೆಲ್ ಇದೆಲ್ಲವನ್ನೂ ಅನುಭವಿಸಿದ.

1943ರಲ್ಲಿ ಅಮೆರಿಕದಲ್ಲಿ ಆಲ್ಬರ್ಟ್ ಶಾಟ್ಜ್ ಮಣ್ಣಿನ ಸೂಕ್ಷ್ಮಜೀವಿಯಿಂದ ಕ್ಷಯದ ಬ್ಯಾಕ್ಟೀರಿಯವನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಬೇರ್ಪಡಿಸಿದ್ದ (ಹೆಸರು ಬಂದದ್ದು ಹೆಚ್ಚಾಗಿ ಅವನ ಗುರು ವಾಕ್ಸ್‌ಮನ್‌ಗೆ, ಅದು ಬೇರೆ ಜಗಳ). ಬ್ರಿಟನ್ನಿನಲ್ಲಿ ಆ ಮದ್ದು ಸುಲಭಕ್ಕೆ ಸಿಗುತ್ತಿರಲಿಲ್ಲ. ಗೆಳೆಯ ಡೇವಿಡ್ ಆಸ್ಟರ್ ನೆರವಿನಿಂದ ಅದು ಅಮೆರಿಕದಿಂದ ಬಂತು. 1948ರ ಫೆಬ್ರುವರಿಯಿಂದ ದಿನಕ್ಕೆ 1 ಗ್ರಾಂ ಚುಚ್ಚುಮದ್ದು. ಕಫ ತಿಳಿಯಾಯಿತು, ಆದರೆ ಚರ್ಮ ಕೆಂಪೇರಿ ಸುಲಿಯಿತು, ಬಾಯಿ ಹುಣ್ಣಾಯಿತು, ಕೂದಲುದುರಿತು. ಸುಮಾರು 50 ದಿನಕ್ಕೆ ನಿಲ್ಲಿಸಬೇಕಾಯಿತು. ಉಳಿದ ಔಷಧ ಬೇರೆ ರೋಗಿಗಳಿಗೆ ಹೋಯಿತು.

ಜುಲೈನಲ್ಲಿ ಬಿಡುಗಡೆಯಾದವನು ವಿಶ್ರಾಂತಿ ಪಡೆಯದೆ, ಜುರಾ ದ್ವೀಪದಲ್ಲಿ ಹಾಸಿಗೆಯ ಮೇಲೇ ಕೂತು ‘ನೈನ್‌ಟೀನ್ ಎಯ್ಟಿ-ಫೋರ್’ ಕಾದಂಬರಿಯ ಅಂತಿಮ ಪ್ರತಿಯನ್ನು ಟೈಪಿಸಿದ. ರೋಗ ಮರುಕಳಿಸಿತು. ಮರುವರ್ಷ ಅದೇ ಮದ್ದನ್ನು ಮತ್ತೆ ಕೊಟ್ಟಾಗ ದೇಹ ಇನ್ನೂ ಜೋರಾಗಿ ಸಿಡಿದೆದ್ದಿತು. 1950ರ ಜನವರಿ 21ರಂದು ಲಂಡನ್ನಿನಲ್ಲಿ ಶ್ವಾಸಕೋಶದ ರಕ್ತನಾಳ ಒಡೆದು ಸತ್ತ. ವಯಸ್ಸು 46.

ಮದ್ದು ಒಗ್ಗಿದ್ದರೂ ಅದೊಂದೇ ಸಾಲುತ್ತಿತ್ತೆಂಬ ಖಾತ್ರಿಯಿರಲಿಲ್ಲ. ಕುಳಿಯೊಂದರಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯ ಇರುತ್ತವೆ, ಅವುಗಳಲ್ಲಿ ಕೆಲವು ಹುಟ್ಟಾ ಆ ಔಷಧಕ್ಕೆ ಜಗ್ಗದವು. ಮಿಕ್ಕವು ಸತ್ತಾಗ ಇವೇ ಹಬ್ಬುತ್ತವೆ. 1948ರಲ್ಲಿ ಪ್ರಕಟವಾದ, ಸ್ಟ್ರೆಪ್ಟೊಮೈಸಿನ್ ಕುರಿತ ಬ್ರಿಟಿಷ್ ಪ್ರಯೋಗದಲ್ಲೂ ಬಹುಪಾಲು ರೋಗಿಗಳಲ್ಲಿ ಹೀಗೇ ಆಯಿತು. ಕ್ಷಯದ ಇನ್ನೊಂದು ಮದ್ದು ಐಸೋನಿಯಜಿಡ್ ಬಳಕೆಗೆ ಬಂದದ್ದು 1952ರಲ್ಲಿ. ಈಗ ಸಾಮಾನ್ಯ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧ ಒಟ್ಟಿಗೆ, ಮುಂದಿನ ನಾಲ್ಕು ತಿಂಗಳು ಎರಡೋ ಮೂರೋ. ಒಂದಕ್ಕೆ ಜಗ್ಗದ್ದನ್ನು ಇನ್ನೊಂದು ಕೊಲ್ಲುತ್ತದೆ.