ರಾತ್ರಿ ಒಂಬತ್ತಕ್ಕೂ ಆರದ ಗೋಡೆ

ಏಪ್ರಿಲ್‌ನ ಒಂದು ರಾತ್ರಿ ಊಟ ಮುಗಿಸಿ ಗೇಟಿನ ಹತ್ತಿರ ನಿಂತಿದ್ದೆ. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಮಂಡ್ಯ ಕಡೆಯ ಹುಡುಗಿ ಕರೆದಳು. "ಆಂಟಿ, ಈ ಕಾಂಪೌಂಡ್ ಮುಟ್ಟಿ ನೋಡಿ." ಮುಟ್ಟಿದೆ. ಗಂಟೆ ಒಂಬತ್ತು ದಾಟಿದ್ದರೂ ಗೋಡೆ, ದೋಸೆ ಹುಯ್ದು ಮುಗಿಸಿದ ಮೇಲೆ ಒಲೆ ಪಕ್ಕದ ಕಲ್ಲು ಇರುತ್ತದಲ್ಲ, ಹಾಗೆ ಬೆಚ್ಚಗಿತ್ತು. "ಈಗ ಆ ಹೊಂಗೆ ಮರ ಮುಟ್ಟಿ." ತಣ್ಣಗಿತ್ತು. ನಡುವೆ ನಾಲ್ಕೇ ಹೆಜ್ಜೆ.

ಅವಳ ಪಿಎಚ್‌ಡಿ ಇದರ ಮೇಲೆಯೇ. ಏರುತ್ತಿರುವ ಬಿಸಿಲನ್ನೂ ಹೊತ್ತಲ್ಲದ ಹೊತ್ತಲ್ಲಿ ಸುರಿಯುವ ಮಳೆಯನ್ನೂ ಮೈಸೂರು, ಮಂಡ್ಯದಂಥ ಊರುಗಳು ಹೇಗೆ ತಾಳಿಕೊಳ್ಳುತ್ತವೆ ಅಂತ ಬೀದಿ ಬೀದಿ ಸುತ್ತಿ ಅಳೆಯುತ್ತಾಳೆ.

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಹಗಲು ಎಷ್ಟೇ ಸುಟ್ಟರೂ ರಾತ್ರಿ ತಂಪಾಗುವುದು ಈ ಊರಿನ ಗುಣ. ಸಿಮೆಂಟು, ಡಾಂಬರು ಅದನ್ನೇ ಕೆಡಿಸುತ್ತವೆ. ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಿಧಾನವಾಗಿ ಬಿಡುತ್ತವೆ. ಎದುರುಬದುರು ಗೋಡೆಗಳಿರುವ ಇಕ್ಕಟ್ಟು ಬೀದಿಯಲ್ಲಿ ಒಂದು ಬಿಟ್ಟ ಶಾಖವನ್ನು ಇನ್ನೊಂದು ಹಿಡಿದುಕೊಳ್ಳುತ್ತದೆ, ಶಾಖಕ್ಕೆ ಆಕಾಶದ ದಾರಿಯೇ ಸಿಗುವುದಿಲ್ಲ. ದಣಿದ ಮೈ ಚೇತರಿಸಿಕೊಳ್ಳುವುದು ರಾತ್ರಿ ಅಲ್ವಾ? ಶೀಟಿನ ಮನೆಯಲ್ಲಿ ಮಲಗುವವರನ್ನು ನೆನೆದರೆ ಸಂಕಟವಾಗುತ್ತದೆ.

ಮರದ ತಂಪು ಬರೀ ನೆರಳಿನದಲ್ಲ. ಬೇರು ಎಳೆದ ನೀರನ್ನು ಎಲೆ ಆವಿ ಮಾಡಿ ಬಿಡುತ್ತದೆ, ಆವಿಯಾಗುವ ನೀರು ಸುತ್ತಲಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೇ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖ ಅರ್ಧ ಯುನಿಟ್ ಕರೆಂಟಿಗಿಂತ ಜಾಸ್ತಿ. ಕೆರೆಯ ನೀರೂ ಹೀಗೇ ಆವಿಯಾಗುತ್ತದೆ; ಸುಮ್ನೆ ನಿಂತಂತೆ ಕಾಣುವ ಕೆರೆ ಬೇಸಿಗೆಯಲ್ಲಿ ಎಷ್ಟು ಕೆಲಸ ಮಾಡುತ್ತದೆ ನೋಡಿ.

ಆದರೆ ಕೆರೆಗೆ ನೀರು ಬರಬೇಕು. ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದರು. ಅದಕ್ಕೆ ಮಳೆನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಈಗ ಬಡಾವಣೆಗಳ ನಡುವೆ ಅಲ್ಲಲ್ಲಿ ಮುಚ್ಚಿಹೋಗಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು, ಹಾಗಾಗಿ ಬಂದರೆ ಮಳೆ ಒಂದೇ ಸಲಕ್ಕೆ ಧೋ ಅಂತ ಸುರಿಯುತ್ತದೆ. ಕಾಲುವೆ ಮುಚ್ಚಿಹೋಗಿದ್ದರೆ ಆ ನೀರು ಕೆರೆ ಸೇರದೆ ತಗ್ಗಿನ ಮನೆಗಳಿಗೆ ನುಗ್ಗುತ್ತದೆ, ಮುಂದಿನ ಬೇಸಿಗೆಗೆ ಕೆರೆ ಬತ್ತುತ್ತದೆ. ಮಳೆಗಾಲದ ನೆರೆ, ಬೇಸಿಗೆಯ ಧಗೆ ಅಂತ ಎರಡು ಕಡತ ಮಾಡಿಟ್ಟಿದ್ದೇವೆ. ತೊಂದರೆ ಇರುವುದು ಒಂದೇ ಕಾಲುವೆಯಲ್ಲಿ.

ಬೆಂಗಳೂರಿನಷ್ಟು ನಾವಿನ್ನೂ ಕಟ್ಟಿ ಮುಚ್ಚಿಲ್ಲ. ಇಳಿಜಾರು ಕಣ್ಣಿಗೆ ಕಾಣುತ್ತದೆ, ಬಿಡಿಸಿಕೊಳ್ಳಬಹುದಾದ ಜಾಗ ಉಳಿದಿದೆ.

ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೇ ನೀರು ಎಲ್ಲಿ ದಾರಿ ತಪ್ಪುತ್ತದೆ ಅಂತ ಆ ಹುಡುಗಿ ನಾಲೆಯುದ್ದಕ್ಕೂ ನಡೆದು ಗುರುತು ಹಾಕುತ್ತಾಳಂತೆ. ಛತ್ರಿ ಹಿಡಿದುಕೊಳ್ಳಲು ನಾನು ಬರುತ್ತೇನೆ ಎಂದಿದ್ದೇನೆ.